ಓದಲು ಹಿಡಿದ ಕೋಣೆ, ಕತ್ತರಿಸಿದ ಪ್ಯಾಂಟಿನ ದಾರ

ಓದುವ ಎಲ್ಲರಿಗೂ ನಮಸ್ಕಾರ. ನಾನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕುಟ್ಟುವವನು. ಪುಸ್ತಕವನ್ನು ಎರಡನೇ ಸಲ ಕೈಗೆ ಹಿಡಿದದ್ದು ಮೀಸೆ ಬಂದು ಎಷ್ಟೋ ವರ್ಷ ಆದಮೇಲೆ. ಎಲ್ಲಾದರೂ ಒತ್ತು ಬಿಟ್ಟುಹೋಗಿದ್ದರೆ, ದೀರ್ಘ ತಪ್ಪಿದ್ದರೆ, ನಡುವೆ ತೆಲುಗು ನುಸುಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಮನೆ ಮಾಲೀಕರ ಬಗ್ಗೆ ಬರೆದದ್ದು ಜಾಸ್ತಿಯಾಯಿತು ಅಂತ ಮಾತ್ರ ಅನ್ನಬೇಡಿ. ಅದನ್ನು ತಿರುಗಿ ಓದಿ, ಕಡಿಮೆ ಮಾಡಿಯೇ ಹಾಕಿದ್ದೇನೆ.

ನಮ್ಮೂರು ಗಡಿಯಾಚೆ ತೆಲುಗು ಸೀಮೆಗೆ ಸೇರಿದ ಮಡಕಶಿರಾ ಕಡೆ, ರೊಳ್ಳದ ಹತ್ತಿರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಹಿಪ್ಪುನೇರಳೆ ಸೊಪ್ಪು ಕೊಯ್ದೆ, ರೇಷ್ಮೆ ಹುಳ ಮೇಯಿಸಿದೆ, ಆಮೇಲೆ ಮಡಕಶಿರಾದಿಂದ ಅಗಳಿಗೆ ಆಟೋ ಓಡಿಸಿದೆ. ನನ್ನ ಆಟೋದಲ್ಲಿ ದಿನಾ ಕನ್ನಡ ಶಾಲೆಯ ಮೇಷ್ಟ್ರುಗಳು ಕೂರುತ್ತಿದ್ದರು. ಇಸ್ತ್ರಿ ಅಂಗಿ, ಎದೆ ಜೇಬಿನಲ್ಲಿ ಪೆನ್ನು, ಮಡಿಲಲ್ಲಿ ಟಿಫಿನ್ ಡಬ್ಬಿ. ಅವರನ್ನು ಕನ್ನಡಿಯಲ್ಲಿ ನೋಡಿ ನೋಡಿ ನನಗೂ ಆಸೆ ಹುಟ್ಟಿತು. ಓಪನ್ ಸ್ಕೂಲಿನಲ್ಲಿ ಹತ್ತನೇ ಕ್ಲಾಸು ಕಟ್ಟಿದೆ. ಇಂಟರ್, ಅಂದರೆ ನಿಮ್ಮ ಪಿಯುಸಿ, ಆಯಿತು, ಬಿದ್ದು ಎದ್ದು ಡಿಗ್ರಿಯೂ ಆಯಿತು. ಅಷ್ಟರಲ್ಲಿ ನನಗೆ ಮದುವೆಯಾಗಿ, ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಉಳಿದದ್ದು ಬಿ.ಇಡಿ. ಕನ್ನಡದಲ್ಲಿ ಓದಿದವರನ್ನು ಸೇರಿಸಿಕೊಳ್ಳುವ ಕಾಲೇಜು ರಾಯದುರ್ಗದಲ್ಲಿ ಇದೆ ಅಂತ ಯಾರೋ ಹೇಳಿದರು, ಹೋಗಿ ಸೇರಿದೆ.

ಹೋಗುವ ದಿನ ಹೆಂಡತಿ ಬಸ್ ಸ್ಟ್ಯಾಂಡಿನ ತನಕ ಬಂದಳು. "ಎರಡು ವರ್ಷ ನಾನು ಹುಳ ನೋಡ್ಕತೀನಿ. ಮೂರ್ನೇ ವರ್ಷ ಕೇಳ್ಬ್ಯಾಡಿ, ನನ್ ಕೈಲಾಗಲ್ಲ" ಅಂದಳು. ಅವಳು ಸಿಟ್ಟಿನಲ್ಲಿ ಹೇಳಿದ್ದಲ್ಲ. ಇದ್ದದ್ದೇ ಅಷ್ಟು. ಎರಡನೇ ವರ್ಷದ ಪರೀಕ್ಷೆಯಲ್ಲಿ ಪಾಸಾದರೆ ಮೇಷ್ಟ್ರು, ಫೇಲಾದರೆ ಮತ್ತೆ ಆಟೋ. ನಡುವೆ ಬೇರೆ ದಾರಿ ಇರಲಿಲ್ಲ.

ಮೊದಲ ವರ್ಷ ಭೈರವಾನಿತಿಪ್ಪ ಕಡೆಯ ನೆಂಟರ ಮನೆಯಿಂದ ಬಸ್ಸಿನಲ್ಲಿ ಓಡಾಡಿದೆ. ಅವರ ಮಗನಿಗೆ ಮದುವೆಯಾಗಿ ಸೊಸೆ ಬಂದಮೇಲೆ ಪಡಸಾಲೆಯಲ್ಲಿ ನಾನು ಕಾಲು ಚಾಚಿ ಮಲಗುವುದು ಚೆನ್ನಾಗಿರಲಿಲ್ಲ. ಹಾಗಾಗಿ ಎರಡನೇ ವರ್ಷಕ್ಕೆ ರಾಯದುರ್ಗದಲ್ಲಿಯೇ ಕೋಣೆ ಹುಡುಕಲು ಹೊರಟೆ. ಮನೆ ಮಾಲೀಕ ಅನ್ನುವ ಜಾತಿಯ ಪರಿಚಯ ನನಗೆ ಸರಿಯಾಗಿ ಆದದ್ದು ಆಗಲೇ.

ಬೆಟ್ಟದ ಕೆಳಗಿನ ಓಣಿಗಳಲ್ಲಿ ಗೋಡೆಗೋಡೆಗೂ ಟು-ಲೆಟ್ ಬೋರ್ಡು. ಒಳಗೆ ಹೋದರೆ ಮೊದಲು ಯಾವ ಊರು, ಆಮೇಲೆ ಯಾವ ಜನ, ಆಮೇಲೆ ಮೊಟ್ಟೆ ಬೇಯಿಸುತ್ತೀಯಾ. ಮೇಷ್ಟ್ರ ಕೆಲಸದ ಡಿ.ಎಸ್ಸಿ.ಗೆ ಇಂಟರ್‌ವ್ಯೂ ಅಂತ ಒಂದಿದ್ದರೂ ಇಷ್ಟು ಕೇಳುತ್ತಿರಲಿಲ್ಲ. ಒಂದು ಮನೆಯಲ್ಲಿ ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ ಅಂದರು. ನನಗೆ ಮದುವೆಯಾಗಿದೆ ಅಂದೆ. ಹಾಗಾದರೆ ಹೆಂಡತಿಯನ್ನು ಕರೆದುಕೊಂಡು ಬನ್ನಿ ಅಂದರು. ಅವಳು ಊರಲ್ಲಿ ಹುಳ ಸಾಕುತ್ತಿದ್ದಾಳೆ, ಬರುವುದಕ್ಕಾಗಲ್ಲ ಅಂದೆ. ಆ ಮನುಷ್ಯ ಬಹಳ ಹೊತ್ತು ಯೋಚನೆ ಮಾಡಿ, "ಹಂಗಾದ್ರ ನೀವು ಬ್ಯಾಚುಲರೇ ಅಲ್ಲೇನ್ರಿ" ಅಂತ ಬಾಗಿಲು ಹಾಕಿಕೊಂಡ.

ಕೊನೆಗೆ ಕೋಣೆ ಕೊಟ್ಟವನು ಹಣೆತುಂಬ ವಿಭೂತಿಯ ಒಬ್ಬ ಸಾವುಕಾರ. ಹಿಂದೆ ಬಟ್ಟೆ ಅಂಗಡಿ ಇಟ್ಟಿದ್ದನಂತೆ, ಈಗ ಇರಲಿಲ್ಲ. ಹೆಸರಿಗೆ ಮಾತ್ರ ಸಾವುಕಾರ ಅನ್ನುವುದು ಉಳಿದಿತ್ತು. ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬಳ್ಳಾರಿಯಲ್ಲಿ ಅಂಗಡಿ ಮಾಡಿಕೊಂಡಿದ್ದರು. "ಓದೋರಿಗೆ ಅಂತಾನೇ ಇಟ್ಟೀನ್ರಿ ಈ ರೂಮು. ದುಡ್ಡಿನ ಆಸಿಗಲ್ಲ" ಅಂದ. ದುಡ್ಡಿನ ಆಸೆಗೆ ಬಾಡಿಗೆ ಕೊಡುವ ಮನೆ ಮಾಲೀಕನನ್ನು ನಾನು ಈ ತನಕ ನೋಡಿಲ್ಲ. ಎಲ್ಲರೂ ಧರ್ಮಕ್ಕೇ ಕೊಡುತ್ತಾರೆ, ಅಡ್ವಾನ್ಸ್ ತೆಗೆದುಕೊಳ್ಳುವುದೂ ಧರ್ಮಕ್ಕೇ.

ಕೋಣೆ ಅವರ ಮನೆಗೆ ಅಂಟಿಕೊಂಡಿತ್ತು. ಬೀದಿಗೆ ಒಂದು ಬಾಗಿಲು, ಅವರ ಪಡಸಾಲೆಗೆ ಇನ್ನೊಂದು ಬಾಗಿಲು. ಪಡಸಾಲೆ ಬಾಗಿಲಿನ ಚಿಲಕ ಅವರ ಕಡೆ ಇತ್ತು. ನನ್ನ ಕಡೆ ಚಿಲಕ ಕಿತ್ತ ತೂತುಗಳು ಮಾತ್ರ ಇದ್ದವು. ಸೇರಿದ ವಾರದಲ್ಲೇ ಗೊತ್ತಾಯಿತು ಆ ತೂತುಗಳ ಅರ್ಥ. ನಾನು ಅಂಗಿ ಬದಲಾಯಿಸುತ್ತಿರಲಿ, ಊಟ ಮಾಡುತ್ತಿರಲಿ, ಸಾವುಕಾರ ಬಾಗಿಲು ದಬ್ಬಿಕೊಂಡು ಒಳಗೆ. ಬಡಿದು ಬರಬಾರದೇ ಅಂತ ಮೆತ್ತಗೆ ಕೇಳಿದೆ. "ಬಾಗ್ಲಾ ಬಡಿಯೋದು ಬ್ಯಾರೇರ ಮನಿಗೆ ಹ್ವಾದಾಗರಿ. ಇದು ನಮ್ಮನೀನ ಅಲ್ಲೇನ್ರಿ" ಅಂದ. ಮನೆ ಅವನದೇ. ನಾನು ಬಾಡಿಗೆ ಕೊಡುತ್ತಿದ್ದದ್ದು ಯಾವುದಕ್ಕೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟು. ಹೊಲಿದ ಪ್ಯಾಂಟಿನಲ್ಲಿ ಜೇಬಿನ ಮೂಲೆ, ಬೆಲ್ಟಿನ ಪಟ್ಟಿ, ಕಾಲಿನ ಮಡಿಕೆ, ಎಲ್ಲ ಕಡೆ ದಾರದ ತುದಿ ಜೋತಾಡುತ್ತಿರುತ್ತದೆ. ಅದನ್ನು ಚಿಕ್ಕ ಕತ್ತರಿಯಿಂದ ಒಂದೊಂದೇ ಕತ್ತರಿಸಬೇಕು. ಈ ಕೆಲಸ ಮನೆಮನೆಗೆ ಹೋಗುತ್ತದೆ. ಹೆಂಗಸರು ಮಾತಾಡುತ್ತ ಕತ್ತರಿಸಿ ಪೀಸಿನ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳುತ್ತಾರೆ. ಸಾವುಕಾರ ಯೂನಿಟ್ಟಿನಿಂದ ಗಂಟುಗಟ್ಟಲೆ ತಂದು ಓಣಿಯವರಿಗೆ ಹಂಚುತ್ತಿದ್ದ. ಅದೇ ಅವನ ಈಗಿನ ವ್ಯಾಪಾರ.

ಒಂದು ದಿನ ಸಾಯಂಕಾಲ ನಾನು ಗೋಡೆಗೆ ಒರಗಿ ಮನಶ್ಶಾಸ್ತ್ರ ಬಾಯಿಪಾಠ ಮಾಡುತ್ತಿದ್ದೆ. ಸಾವುಕಾರ ಬಂದು ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತ ನಿಂತ. ಆಮೇಲೆ ಒಳಗೆ ಹೋಗಿ ಒಂದಷ್ಟು ಪ್ಯಾಂಟು ತಂದು ನನ್ನ ಮಡಿಲಿಗೆ ಹಾಕಿದ. ಮೇಲೆ ಒಂದು ಕತ್ತರಿ ಇಟ್ಟ.

"ಕಣ್ಣು ಪುಸ್ತಕದಾಗ ಅದಾವ, ಬಾಯಿ ಓದಾಕ ಹತ್ತೈತಿ. ಕೈ ಸುಮ್ನ ಯಾಕ ಕುಂದ್ರಬೇಕ್ರಿ ಮೇಷ್ಟ್ರೇ?" ಅಂದ.

ನಮ್ಮ ಕಡೆ ಹಿರಿಯರು ಕೈಗೆ ಕೊಟ್ಟದ್ದನ್ನು ಅವರ ಮುಂದೆಯೇ ಕೆಳಗಿಡುವುದಿಲ್ಲ. ಅದೊಂದು ಕಲಿತ ಬುದ್ಧಿ. ಅವತ್ತು ಕತ್ತರಿಸಿದೆ. ಮಾರನೇ ದಿನ ಪ್ಯಾಂಟು ಹೆಚ್ಚಾಯಿತು. ಆ ವಾರ ಕಳೆಯುವುದರಲ್ಲಿ ಕೇಳುವುದೂ ನಿಂತುಹೋಯಿತು. ಕಾಲೇಜಿನಿಂದ ಬಂದರೆ ಗಂಟು ನನಗಿಂತ ಮುಂಚೆ ಕೋಣೆಯಲ್ಲಿ ಕೂತಿರುತ್ತಿತ್ತು. ಕೂಲಿ ಕೊಡುವ ಮಾತು ಬರಲೇ ಇಲ್ಲ. ಅದೂ ಧರ್ಮಕ್ಕೇ ಇರಬೇಕು, ಈ ಸಲ ನನ್ನ ಧರ್ಮ. ಕರೆಂಟ್ ಕಂಬದಲ್ಲಿ ಏನಾದರೂ ಆಗಿ ಲೈಟು ಹೋದರೆ ಸಾವುಕಾರ ಅಯ್ಯೋ ಓದುವುದಕ್ಕೆ ಆಗಲಿಲ್ಲವೇ ಅನ್ನುತ್ತಿರಲಿಲ್ಲ. ಕತ್ತಲಲ್ಲಿ ಹೊಲಿಗೆ ಕತ್ತರಿಸಿಬಿಡುತ್ತೀರಿ, ಕತ್ತರಿ ಕೆಳಗಿಡಿ ಅನ್ನುತ್ತಿದ್ದ. ಒಂದು ಸಲ ಪಾಠದ ಧ್ಯಾನದಲ್ಲಿ ಬೆಲ್ಟಿನ ಪಟ್ಟಿಯನ್ನೇ ಕತ್ತರಿಸಿಬಿಟ್ಟೆ. ಆ ಪ್ಯಾಂಟನ್ನು ಬೀದಿ ಬಾಗಿಲಲ್ಲಿ ಎತ್ತಿ ಹಿಡಿದು, ಹೋಗಿಬರುವವರಿಗೆಲ್ಲ ತೋರಿಸಿ, "ನಮ್ಮ ಮೇಷ್ಟ್ರ ಕೆಲ್ಸ ನೋಡ್ರಿ" ಅಂದ. ಇಂಥವನ ಬಾಯಲ್ಲಿ 'ನಮ್ಮ ಮೇಷ್ಟ್ರು' ಅನ್ನುವುದು ಬೈಗುಳಕ್ಕಿಂತ ಕಡೆ.

ಓಣಿಯ ತುದಿಯಲ್ಲಿ ಟೀ ಅಂಗಡಿ ಇತ್ತು. ಅಂಗಡಿಯವನು ನನ್ನ ಬೆರಳು ನೋಡಿದ. ಜೀನ್ಸಿನ ಬಣ್ಣ ಹತ್ತಿ ಉಗುರಿನ ಬುಡವೆಲ್ಲ ನೀಲಿಯಾಗಿತ್ತು. "ಸಾವ್ಕಾರ್ರ ರೂಮಿನ್ಯಾಗ ಇದ್ದೀರೇನ್ರಿ?" ಅಂತ ಕೇಳಿದ. ಹೌದು, ನಿಮಗೆ ಹೇಗೆ ಗೊತ್ತಾಯಿತು ಅಂದೆ. "ಅಲ್ಲಿ ಇದ್ದೋರು ಪಾಸಾಗೋದು ನಾ ಕಂಡಿಲ್ರಿ. ಆದ್ರ ಪ್ಯಾಂಟು ಮಾತ್ರ ಚಲೋ ನೀಟ್ ಮಾಡ್ತಾರ" ಅಂತ ನಕ್ಕ. ಅಂಗಡಿಯಲ್ಲಿದ್ದವರೂ ನಕ್ಕರು. ನಾನೂ ನಕ್ಕೆ, ಆದರೆ ಅದು ನನಗೆ ತಮಾಷೆಯ ಮಾತಾಗಿರಲಿಲ್ಲ.

ಬರೆಯುವ ಪರೀಕ್ಷೆಯ ಜೊತೆಗೆ ಬಿ.ಇಡಿ.ಯಲ್ಲಿ ಪಾಠದ ಪರೀಕ್ಷೆಯೂ ಇರುತ್ತದೆ. ಯಾವುದಾದರೂ ಶಾಲೆಯಲ್ಲಿ ಮಕ್ಕಳ ಮುಂದೆ ಪಾಠ ಮಾಡಬೇಕು, ಪರೀಕ್ಷೆ ಮಾಡುವವರು ಹಿಂದೆ ಕೂತು ನೋಡುತ್ತಾರೆ. ನಾನು ರೇಷ್ಮೆ ಹುಳದ ಪಾಠ ಆರಿಸಿಕೊಂಡಿದ್ದೆ. ಮೊಟ್ಟೆ, ಹುಳ, ಗೂಡು, ಚಿಟ್ಟೆ, ಎಲ್ಲವನ್ನೂ ದೊಡ್ಡ ಚಾರ್ಟಿನಲ್ಲಿ ಬಣ್ಣ ಹಾಕಿ ಬರೆದಿದ್ದೆ. ಹುಳ ಪೊರೆ ಬಿಡುವ ಮುಂಚೆ ಜ್ವರ ಬಂದು ತಲೆ ಎತ್ತಿ ನಿಲ್ಲುವುದು, ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಂಕಿ ಹತ್ತುವುದು, ಇದನ್ನೆಲ್ಲ ನಾನು ಪುಸ್ತಕ ನೋಡಿ ಬರೆಯುವ ಅಗತ್ಯ ಇರಲಿಲ್ಲ. ಗೋಡೆಯನ್ನೇ ಮಕ್ಕಳು ಅಂದುಕೊಂಡು ದಿನಾ ಪಾಠ ಹೇಳುತ್ತಿದ್ದೆ. ಸಾವುಕಾರ ನಡುವೆ ಬಾಗಿಲು ದಬ್ಬಿ, ದನಿ ಏರಿಸಿ, ಇಳಿಸಿ, ಕೈ ಯಾಕೆ ಹಾಗೆ ಆಡಿಸುತ್ತೀರಿ ಅಂತ ತಿದ್ದುತ್ತಿದ್ದ. ಅವನು ಓದಿದ್ದು ಎಷ್ಟು ಅಂತ ನಾನು ಕೇಳಲಿಲ್ಲ. ಮನೆ ಇದ್ದವನಿಗೆ ಎಲ್ಲ ವಿದ್ಯೆಯೂ ಬರುತ್ತದೆ.

ಕಾಲೇಜಿನಲ್ಲಿ ಇಂಟರ್ನಲ್ ಪರೀಕ್ಷೆ ಆಯಿತು. ನನ್ನದು ಅಧ್ವಾನ. ನಮಗೆ ಪಾಠ ಹೇಳುತ್ತಿದ್ದ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಪೇಪರು ಕೊಡುವಾಗ ನನ್ನ ಕೈ ನೋಡಿ, ಎಲ್ಲಾದರೂ ಬಣ್ಣದ ಕೆಲಸಕ್ಕೆ ಹೋಗುತ್ತಿದ್ದೀರಾ ಅಂತ ಕೇಳಿದರು. ಇಲ್ಲ ಮೇಡಂ ಅಂದೆ. "ಹಿಂಗ ಬರದ್ರ ಫೈನಲ್ ದಾಟಲ್ರಿ ನೀವು. ಮನಿಗೆ ಹೋಗಿ ಏನ್ ಮಾಡ್ತೀರಿ?" ಅಂದರು. ಪ್ಯಾಂಟಿನ ದಾರ ಕತ್ತರಿಸುತ್ತೇನೆ ಅಂತ ಹೇಳುವುದು ಹೇಗೆ? ಊರಲ್ಲಿ ಹೆಂಡತಿ ಒಬ್ಬಳೇ ಹುಳಕ್ಕೆ ಸೊಪ್ಪು ಹಾಕುತ್ತಿದ್ದಾಳೆ, ನಾನು ಇಲ್ಲಿ ಯಾರದೋ ಪ್ಯಾಂಟು ನೀಟ್ ಮಾಡುತ್ತಿದ್ದೇನೆ. ದಾರಿಯುದ್ದಕ್ಕೂ ಅದೇ ತಲೆಯಲ್ಲಿ ತಿರುಗಿತು.

ಅವತ್ತೇ ಸಾವುಕಾರನಿಗೆ ಹೇಳಿದೆ.

"ಸಾವ್ಕಾರ್ರೆ, ಪರೀಕ್ಷೆ ಹತ್ರ ಬಂತು. ಇನ್ಮೇಲೆ ನನ್ ಕೈಲಿ ಪ್ಯಾಂಟು ಆಗಕಿಲ್ಲ. ಓದ್ಕಬೇಕು."

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ವಾಸಿಯಾಗಿತ್ತು. ವಿಭೂತಿ ಸುಕ್ಕಾಗುವಷ್ಟು ನಕ್ಕ. "ಓದ್ರಿ, ಬ್ಯಾಡ ಅಂದೋರು ಯಾರು? ಆದ್ರ ರೂಮು ಖಾಲಿ ಮಾಡಿ ಓದ್ರಿ. ನನಗ ಗಂಟು ಇಡಾಕ ಜಾಗ ಬೇಕಾಗೈತ್ರಿ" ಅಂದ.

ಪರೀಕ್ಷೆ ಮುಗಿಯುವ ತನಕ ಇರಲು ಬಿಡಿ ಅಂತ ಕೇಳಿಕೊಂಡೆ. ಯೂನಿಟ್ಟಿನಿಂದ ದೊಡ್ಡ ಆರ್ಡರು ಬಂದಿದೆ, ಆಗುವುದಿಲ್ಲ, ಈ ವಾರದಲ್ಲೇ ಬಿಡಿ ಅಂದ.

ಇಲ್ಲೊಂದು ಮಾತು ಹೇಳಬೇಕು. ಡಿಗ್ರಿ ಪರೀಕ್ಷೆಗೆ ಓದುವಾಗ ಮಡಕಶಿರಾದಲ್ಲಿಯೂ ಕೆಲವು ತಿಂಗಳು ಕೋಣೆ ಹಿಡಿದಿದ್ದೆ. ಅಲ್ಲಿನ ಮಾಲೀಕ ಫ್ಯಾನು ಹಾಕಿದರೆ ಫ್ಯೂಸ್ ಕೀಳುತ್ತಿದ್ದ. ಕೇಳಲು ಹೋದರೆ "ಸೆಕೆ ಆದ್ರೆ ಕೆರೆ ಏರಿ ಮ್ಯಾಕೋಗಿ ಮಲಿಕ್ಕಳಲೋ" ಅಂತ ಬಾಯಿ ತುಂಬ ಬೈಯುತ್ತಿದ್ದ. ಅವನೂ ಅದೇ ಜಾತಿಯೇ. ಆದರೆ ಅವನು ಬೈದರೆ ನಮಗೂ ತಿರುಗಿ ಬೈಯಲು ಬಾಯಿ ಬರುತ್ತಿತ್ತು. ಈ ರಾಯದುರ್ಗದ ಸಾವುಕಾರ ಕುತ್ತಿಗೆಗೆ ಕೈ ಹಾಕಿ ದಬ್ಬುವಾಗಲೂ 'ರಿ' ಬಿಡುತ್ತಿರಲಿಲ್ಲ. ಬರ್ರಿ, ಕುಂದ್ರಿ, ಕತ್ತರಸ್ರಿ, ಖಾಲಿ ಮಾಡ್ರಿ. ಇಷ್ಟು ಮರ್ಯಾದೆಯಿಂದ ನನಗೆ ಯಾರೂ ಅವಮಾನ ಮಾಡಿರಲಿಲ್ಲ.

ಬೇರೆ ಕೋಣೆ ಹುಡುಕಲು ಹೋದೆ. ಈ ಮಾಲೀಕರದೆಲ್ಲ ಒಂದೇ ಕೂಟ. ಬೆಳಿಗ್ಗೆ ಅದೇ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಯಾರ ಕೋಣೆಯಲ್ಲಿ ಯಾರಿದ್ದಾರೆ, ಯಾರು ಎಷ್ಟು ನೀರು ಸುರಿಯುತ್ತಾರೆ ಅಂತ ವರದಿ ಒಪ್ಪಿಸುತ್ತಾರೆ. ನಾನು ಹೋಗುವಷ್ಟರಲ್ಲಿ ನನ್ನ ಸುದ್ದಿ ಮೊದಲೇ ಹೋಗಿರುತ್ತಿತ್ತು. ಹಿರಿಯರಿಗೆ ಎದುರು ಮಾತಾಡುವವನಂತೆ, ಒಂದು ಕೆಲಸ ಹೇಳಿದರೆ ಮಾಡುವುದಿಲ್ಲವಂತೆ. ಒಬ್ಬ ಮಾಲೀಕ ತೆಲುಗಿನಲ್ಲಿ ತನ್ನ ಹೆಂಡತಿಗೆ, ಇವನೇ ಆ ಸಾವುಕಾರನ ಮನೆಯವನು, ಬೇಡ ಅಂದ. ನನಗೆ ತೆಲುಗು ಬರುವುದಿಲ್ಲ ಅಂದುಕೊಂಡನೋ ಏನೋ. ಈ ಸೀಮೆಯಲ್ಲಿ ಹುಟ್ಟಿ ತೆಲುಗು ಬಾರದವನು ಯಾರಿದ್ದಾನೆ?

ಪರೀಕ್ಷೆ ಹತ್ತಿರ ಬರುತ್ತಿತ್ತು. ಪಾಠದ ಪರೀಕ್ಷೆ ಮೊದಲು, ಅದರ ಹಿಂದೆಯೇ ಬರೆಯುವುದು. ಒಂದು ಸಾಯಂಕಾಲ ಕಾಲೇಜಿನಿಂದ ಬಂದು ಬೀಗ ತೆಗೆದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಒಳಗೆ ಗಂಟು. ನೆಲದಿಂದ ಕಿಟಕಿಯ ತನಕ ಗಂಟಿನ ಮೇಲೆ ಗಂಟು. ಪಡಸಾಲೆ ಬಾಗಿಲಿನಿಂದ ತಂದು ಒಟ್ಟಿದ್ದರು. ನನ್ನ ಚಾಪೆ ಅಡಿಯಲ್ಲಿ, ಪುಸ್ತಕ ಅಡಿಯಲ್ಲಿ, ಸ್ಟೌ ಒಂದು ಮೂಲೆಯಲ್ಲಿ. ಗೋಡೆಗೆ ಒರಗಿಸಿದ್ದ ಚಾರ್ಟು ಗಂಟಿನ ಕೆಳಗೆ ಸಿಕ್ಕು ನಡುವೆ ಮುರಿದಿತ್ತು. ಗೂಡು ಕಟ್ಟುವ ಹುಳದ ಮೇಲೆ ನೀಲಿ ಬಣ್ಣ ಹತ್ತಿತ್ತು.

ಸಾವುಕಾರ ಬಾಗಿಲಿಗೆ ಬಂದು, "ನಾ ಹೇಳಿದ್ನಲ್ರಿ, ಜಾಗ ಬೇಕು ಅಂತ" ಅಂದ.

ನಾನು ಚಾರ್ಟು ಎಳೆದು ಸುತ್ತಿದೆ. ಟ್ರಂಕಿಗೆ ಪುಸ್ತಕ, ಬಟ್ಟೆ ಕೈಗೆ ಸಿಕ್ಕಂತೆ ತುಂಬಿದೆ. ಎಲ್ಲಿಗೆ ಹೋಗುತ್ತೇನೆ ಅಂತ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತಾದರೂ ಓದುತ್ತೇನೆ, ಇವನ ಸೂರಿನ ಕೆಳಗೆ ಬೇಡ ಅನ್ನಿಸಿತು. ಟ್ರಂಕು ಎತ್ತಿ ಹೆಗಲಿಗೆ ಇಟ್ಟುಕೊಂಡು ಬೀದಿ ಬಾಗಿಲು ದಾಟಿ ಬೀದಿಗೆ ಇಳಿದೆ.

ಸಾವುಕಾರನ ಹೆಂಡತಿ ಆ ಹೊತ್ತಿಗೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ದೀಪ ಇಡುತ್ತಿದ್ದಳು. ನನ್ನನ್ನು ನೋಡಿದವಳೇ ಬತ್ತಿ ಹಿಡಿದ ಕೈಯಲ್ಲೇ ಓಡಿಬಂದು ದಾರಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊಂಟೀರಿ?"

"ಖಾಲಿ ಮಾಡ್ತಿದೀನಿ ಅಮ್ಮ."

"ಇವತ್ತು ಯಾವ ವಾರ ಗೊತ್ತೈತೇನ್ರಿ ನಿಮಗ? ಶುಕ್ರವಾರ. ದೀಪ ಹಚ್ಚೋ ಹೊತ್ತು. ಈ ಹೊತ್ತಿನ್ಯಾಗ ಮನಿಯಿಂದ ಪೆಟ್ಟಿಗಿ ಹೊರಗ ಹಾಕ್ತಾರೇನ್ರಿ?"

ಶುಕ್ರವಾರ ಸಂಜೆ ಮನೆಯಿಂದ ಒಂದು ಹಿಡಿ ಉಪ್ಪನ್ನೂ ಹೊರಗೆ ಕೊಡುವುದಿಲ್ಲ. ನಮ್ಮವ್ವನೂ ಹಾಗೆಯೇ. ಆದರೆ ಅವತ್ತು ವಾರ ನೆನಪಿಟ್ಟುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಷ್ಟರಲ್ಲಿ ಓಣಿಯ ಹೆಂಗಸರು, ಕತ್ತರಿ ಕೈಯಲ್ಲಿ ಹಿಡಿದವರು ಹಿಡಿದಂತೆಯೇ, ಬಾಗಿಲಿಗೆ ಬಂದು ನಿಂತರು. ಸಾವುಕಾರನ ಮುಖ ಇಳಿಯಿತು. ನಾಳೆ ಹೋಗಲಿ ಬಿಡು ಅಂತ ಹೆಂಡತಿಗೆ ಹೇಳಿದ.

"ನಾಳಿ ಶನಿವಾರ. ಕಬ್ಬಿಣದ ಪೆಟ್ಟಿಗಿ ಐತಿ. ನಿಮಗ ಬುದ್ಧಿ ಎಲ್ಲೈತಿ?" ಅಂದಳು ಗಂಡನಿಗೆ.

"ಹಂಗಾದ್ರ ಭಾನುವಾರ."

"ಭಾನುವಾರ ಅಮಾಸಿ."

ಎದುರು ಮನೆಯ ಮುದುಕಿ ಕಟ್ಟೆಯ ಮೇಲಿಂದಲೇ, "ಸೋಮವಾರದಿಂದ ಆಷಾಢ ಹತ್ತುತ್ತೈತಲೇ ಯಪ್ಪಾ. ಶೂನ್ಯ ಮಾಸದಾಗ ಯಾರಾರ ಮನಿ ಬಿಡಸ್ತಾರೇನು?" ಅಂತ ಸೇರಿಸಿದಳು.

ಆಷಾಢದಲ್ಲಿ ನಮ್ಮ ಸೀಮೆಯಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಹೋಗುವವರು ಹೋಗುವುದಿಲ್ಲ, ಬರುವವರು ಬರುವುದಿಲ್ಲ. ಖಾಲಿ ಆದ ಮನೆ ತಿಂಗಳು ಪೂರ್ತಿ ದೀಪ ಕಾಣದೆ ಬಿದ್ದಿರಬೇಕು. ಗಂಟು ಇಡುತ್ತೇನಲ್ಲ, ಮನೆ ಖಾಲಿ ಹೇಗಾಯಿತು ಅಂತ ಸಾವುಕಾರ ಗೊಣಗಿದ. "ಗಂಟು ಎದ್ದು ದೀಪ ಹಚ್ಚತಾವೇನ್ರಿ?" ಅಂದಳು ಹೆಂಡತಿ. ಹೆಂಗಸರೆಲ್ಲ ನಕ್ಕರು.

ನಾನು ಟ್ರಂಕು ಹೊತ್ತು ನಡುಬೀದಿಯಲ್ಲಿ ನಿಂತಿದ್ದೆ. ನನ್ನನ್ನು ಯಾವ ವಾರ ಹೊರಗೆ ಹಾಕಬಹುದು ಅಂತ ಓಣಿಯೇ ಸೇರಿ ಪಂಚಾಂಗ ನೋಡುತ್ತಿತ್ತು. ವಾರ ಬಂತು, ತಿಥಿ ಬಂತು, ಮಾಸ ಬಂತು. ಪರೀಕ್ಷೆ ಯಾವಾಗ ಅಂತ ಒಬ್ಬರೂ ಕೇಳಲಿಲ್ಲ. ಈಗಲೂ ನೆನೆದರೆ ಉರಿಯುವುದು ಅದೇ. ಒಬ್ಬ ಮನುಷ್ಯ ಒಂದು ವರ್ಷದಿಂದ ಆ ಗೋಡೆಯ ಪಕ್ಕ ಗಟ್ಟಿಯಾಗಿ ಓದುತ್ತಿದ್ದ, ಅದು ಅವರ ಕಿವಿಗೆ ಬಿದ್ದಿರಲಿಲ್ಲ. ಪೆಟ್ಟಿಗೆ ಕಬ್ಬಿಣದ್ದು ಅನ್ನುವುದು ಕಣ್ಣಿಗೆ ಬಿದ್ದಿತ್ತು.

"ಒಳಗ ಬರ್ರಿ. ಶ್ರಾವಣ ಬಂದಮ್ಯಾಲ ನೋಡಾನು" ಅಂದಳು ಸಾವುಕಾರನ ಹೆಂಡತಿ.

ನನಗೆ ಅಲ್ಲಿಗೆ ಬುದ್ಧಿ ಬಂತು. ಬಸ್ ಸ್ಟ್ಯಾಂಡಿನಲ್ಲಿ ಯಾರೂ ಓದಿ ಪಾಸಾಗುವುದಿಲ್ಲ. ಆದರೆ ಹಾಗೇ ಹೋದರೆ ನಾಳೆ ಮತ್ತೆ ಕತ್ತರಿ.

"ಬತ್ತೀನಿ ಅಮ್ಮ. ಆ ಗಂಟು ಹೊರಕ್ಕೋಗ್ಲಿ, ಒಳಗಿನ ಬಾಗ್ಲಿಗೆ ನನ್ ಕಡೆ ಚಿಲ್ಕ ಬೀಳ್ಲಿ. ಇಲ್ದಿದ್ರೆ ಈ ದೀಪದ ಮುಂದ್ಲಿಂದ್ಲೇ ಹೋಯ್ತೀನಿ" ಅಂದೆ.

ಎಲ್ಲರ ಎದುರಿಗೆ ಸಾವುಕಾರನ ಬಾಯಿಂದ ಬಂದ ಮಾತು ಕೇಳಿ. "ಗಂಟು ಅಂದ್ರ ಲಕ್ಷ್ಮಿರಿ. ಶುಕ್ರವಾರ ಅದನ್ನ ಹೊರಗ ಹಾಕಾಕ ಬರಲ್ರಿ." ಪ್ಯಾಂಟಿನ ಗಂಟೂ ಲಕ್ಷ್ಮಿ, ನಾನೂ ಲಕ್ಷ್ಮಿ. ಅವತ್ತು ರಾತ್ರಿ ಇಬ್ಬರು ಲಕ್ಷ್ಮಿಯರೂ ಒಂದೇ ಕೋಣೆಯಲ್ಲಿ ಇಕ್ಕಟ್ಟಾಗಿ ಮಲಗಿದೆವು. ಶನಿವಾರ ಬಟ್ಟೆ ಹೊರಗೆ ಹೋಗಬಹುದಂತೆ, ಹೋಯಿತು. ಚಿಲಕ ಮಾತ್ರ ಕಬ್ಬಿಣದ್ದು, ಶನಿವಾರ ತರುವಂತಿಲ್ಲ. ಅಮಾವಾಸ್ಯೆ ಕಳೆದು ಸೋಮವಾರ ಸಾವುಕಾರನೇ ಬಡಗಿಯನ್ನು ಕರೆದು ಹೊಡೆಸಿದ. ಆ ತೂತುಗಳಲ್ಲಿ ಮೊಳೆ ಇಳಿಯುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಸಾವುಕಾರನ ಹೆಂಡತಿಯ ಉಪಕಾರವನ್ನಾದರೂ ನೆನೆಯಬೇಕು ಅಂತ ಬರೆಯಲು ಕೂತಾಗ ಅಂದುಕೊಂಡಿದ್ದೆ. ಒಂದೆರಡು ಸಲ ಒಗ್ಗರಣೆ ಮಂಡಕ್ಕಿ ಕೊಟ್ಟಿದ್ದಳು. ಅದು ಸುಳ್ಳಲ್ಲ. ಆದರೆ ಅವತ್ತು ಬುಧವಾರ ಆಗಿದ್ದರೆ ಅವಳೇ ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿಯುತ್ತಿದ್ದಳು ಅನ್ನುವುದೂ ಸುಳ್ಳಲ್ಲ.

ಆಮೇಲೆ ನಾನು ಓದಿದ ಹಾಗೆ ಜೀವಮಾನದಲ್ಲಿ ಓದಿರಲಿಲ್ಲ. ಚಿಲಕ ಹಾಕಿಕೊಂಡು ಕೂತರೆ ಏಳುತ್ತಿರಲಿಲ್ಲ. ಸಾವುಕಾರ ಒಮ್ಮೊಮ್ಮೆ ಅಭ್ಯಾಸಬಲದಿಂದ ಬಾಗಿಲು ದಬ್ಬುವನು. ಅದು ಅಲ್ಲಾಡದಿದ್ದಾಗ ಆಚೆ ಕಡೆ ನಿಂತು ಕೆಮ್ಮುವನು. ನಾನು ಇನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಉಗುರಿನ ನೀಲಿ ನಿಧಾನವಾಗಿ ಬೆಳೆದು ಹೊರಟುಹೋಯಿತು.

ಚಾರ್ಟು ಹೊಸದಾಗಿ ಬರೆಯಲು ಹೊತ್ತಿರಲಿಲ್ಲ. ಮುರಿದ ಕಡೆ ಹಿಂದೆ ಕಾಗದ ಅಂಟಿಸಿ ಅದನ್ನೇ ಪಾಠದ ಪರೀಕ್ಷೆಗೆ ತೆಗೆದುಕೊಂಡು ಹೋದೆ. ಗೂಡು ಕಟ್ಟುವ ಹುಳ ಯಾಕೆ ನೀಲಿ ಇದೆ ಅಂತ ಒಬ್ಬ ಹುಡುಗಿ ಕೇಳಿದಳು. ಪಾಠ ಯೋಜನೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅದು ನೀಲಿ ಅಲ್ಲ ಕಣಮ್ಮ, ಮೇಲೆ ಯಾರೋ ಕೂತಿದ್ದರು, ಆದರೂ ಅದು ಗೂಡು ಕಟ್ಟುವುದನ್ನು ನಿಲ್ಲಿಸಲಿಲ್ಲ ಅಂದೆ. ಮಕ್ಕಳು ನಕ್ಕರು. ಹಿಂದೆ ಕೂತಿದ್ದವರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ.

ಬರೆಯುವ ಪರೀಕ್ಷೆ ಮುಗಿದಾಗ ಆಷಾಢ ಇನ್ನೂ ಉಳಿದಿತ್ತು. ಊರಿಗೆ ಹೋಗುತ್ತೇನೆ, ಲೆಕ್ಕ ಮುಗಿಸಿ ಅಂದೆ. ಶ್ರಾವಣಕ್ಕೆ ಮುಂಚೆ ಬಿಡುವಂತಿಲ್ಲ ಅಂದಳು ಸಾವುಕಾರನ ಹೆಂಡತಿ. ನಾನು ಹೋಗಲೇಬೇಕು ಅಂದಾಗ, "ಹೋಗ್ರಿ. ಪೆಟ್ಟಿಗಿ ಆದ್ರ ಇರ್ಲಿ" ಅಂದಳು. ಟ್ರಂಕು ಇದ್ದರೆ ಮನೆಯಲ್ಲಿ ಜನ ಇದ್ದ ಹಾಗೆ ಲೆಕ್ಕವಂತೆ, ದೀಪ ತಾನೇ ಹಚ್ಚುತ್ತಾಳಂತೆ. ಜನ ಇದ್ದ ಹಾಗೆ ಅಂದಮೇಲೆ ಸಾವುಕಾರ ಅದಕ್ಕೂ ಬಾಡಿಗೆ ಹಿಡಿದುಕೊಂಡ. ಅಷ್ಟು ದಿನದಲ್ಲಿ ಆ ಕೋಣೆಯಲ್ಲಿ ಯಾರ ಕಾಟವೂ ಇಲ್ಲದೆ ಬಾಡಿಗೆಗೆ ಇದ್ದದ್ದು ನನ್ನ ಟ್ರಂಕು ಒಂದೇ. ಶ್ರಾವಣದಲ್ಲಿ ಒಂದು ಬುಧವಾರ ಹೋಗಿ ತಂದೆ.

ರಿಸಲ್ಟು ಬಂದ ದಿನ ನಾನು ಹುಳದ ಮನೆಯಲ್ಲಿ ತಟ್ಟೆ ಬದಲಾಯಿಸುತ್ತಿದ್ದೆ. ಕಾಲೇಜಿನ ಗೆಳೆಯ ಫೋನು ಮಾಡಿ ಪಾಸು ಅಂದ. ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಹಾಕುವ ಕೈ ನಿಲ್ಲಿಸಲಿಲ್ಲ. "ಸರಿ, ಆ ಕಡೆ ತಟ್ಟೇಗೂ ಹಾಕ್ಬಿಟ್ಟು ಹೋಗಿ ಮೇಷ್ಟ್ರೆ" ಅಂದಳು. ಅದೇ ಮಾತು ಬೇರೆ ಬಾಯಲ್ಲಿ ಬಂದರೆ ಎಷ್ಟು ಬೇರೆಯಾಗಿ ಕೇಳುತ್ತದೆ.

ಸರ್ಕಾರದ ಕೆಲಸ ಇನ್ನೂ ಬಂದಿಲ್ಲ. ಅಗಳಿ ಕಡೆ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ, ವಿಜ್ಞಾನ ಎರಡೂ ಹೇಳುತ್ತೇನೆ. ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಸಾವುಕಾರ. ಮೇಷ್ಟ್ರಾಗಿದ್ದೀರಂತೆ, ಸಂತೋಷ ಅಂದ. ತಾನು ಕೋಣೆ ಕೊಟ್ಟಿದ್ದಕ್ಕೆ ಅಲ್ಲವೇ ಅಂತ ತಾನೇ ಸೇರಿಸಿಕೊಂಡ. ಆಮೇಲೆ ಮೆಲ್ಲಗೆ, "ನಿಮ್ಮ ಕಡೆ ಓದೋ ಹುಡುಗ್ರು ಇದ್ರ ಕಳಸ್ರಿ. ರೂಮು ಖಾಲಿ ಐತಿ. ಓದೋರಿಗೆ ಅಂತಾನೇ ಇಟ್ಟೀನಿ" ಅಂದ.

ಹುಡುಗರ ಕೈ ಖಾಲಿ ಇಲ್ಲ ಸಾವ್ಕಾರ್ರೆ ಅಂತ ಹೇಳಿ ಫೋನು ಇಟ್ಟೆ.

ನನ್ನದು ಇಷ್ಟು. ಓದುವ ಕಾಲದಲ್ಲಿ ನಿಮಗೂ ಇಂಥ ಧರ್ಮಾತ್ಮರು ಸಿಕ್ಕಿರಬಹುದು. ಫ್ಯೂಸ್ ಕಿತ್ತವರು, ನೀರು ಅಳೆದವರು, ಬಾಗಿಲು ದಬ್ಬಿದವರು. ನಿಮ್ಮಿಂದ ಅವರು ಏನು ಕೆಲಸ ಮಾಡಿಸಿಕೊಂಡರು, ನೀವು ಹೇಗೆ ಪಾರಾದಿರಿ, ಕೆಳಗೆ ಬರೆಯಿರಿ. ನಾನೂ ಎಲ್ಲವನ್ನೂ ಓದುತ್ತೇನೆ. ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ. ಬೆರಳು ಒಂದೇ.